ಹೆಗಲು ಹೊತ್ತ ಹೊಣೆ

ಶಾಲೆಯ ಕ್ರೀಡೋತ್ಸವದಲ್ಲಿ ನಿಂಬೆಹಣ್ಣು-ಚಮಚದ ಓಟವನ್ನು ನೋಡದವರು ವಿರಳ. ಚಮಚದ ಹಿಡಿಯನ್ನು ಬಾಯಲ್ಲಿ ಕಚ್ಚಿ, ಅದರ ಆಳವಿಲ್ಲದ ಗುಳಿಯಲ್ಲಿ ನಿಂಬೆಹಣ್ಣನ್ನು ಇಟ್ಟುಕೊಂಡು ಮಕ್ಕಳು ಓಡುತ್ತಾರೆ. ಹಣ್ಣಿಗೆ ಯಾವ ದಿಕ್ಕಿಗಾದರೂ ಉರುಳುವ ಸ್ವಾತಂತ್ರ್ಯವುಂಟು. ಆದುದರಿಂದಲೇ ಅದು ಬೀಳುವ ಭಯವೂ ಉಂಟು. ಈ ಓಟವನ್ನು ನೋಡಿ ನಗುವ ನಾವು ಒಂದು ಸಂಗತಿಯನ್ನು ಮರೆತಿರುತ್ತೇವೆ. ನಮ್ಮ ಎರಡು ಹೆಗಲುಗಳಲ್ಲಿಯೂ ಇಂತಹುದೇ ಒಂದೊಂದು ಚಮಚ, ಇಂತಹುದೇ ಒಂದೊಂದು ನಿಂಬೆಹಣ್ಣು ಇವೆ. ನಾವು ಓಡುತ್ತೇವೆ, ಮರ ಹತ್ತುತ್ತೇವೆ, ಬಾವಿಯಿಂದ ನೀರು ಸೇದುತ್ತೇವೆ, ಚೆಂಡು ಎಸೆಯುತ್ತೇವೆ. ಹಣ್ಣು ಮಾತ್ರ ಸಾಮಾನ್ಯವಾಗಿ ಬೀಳುವುದಿಲ್ಲ. ಅದನ್ನು ಬೀಳದಂತೆ ಹಿಡಿದಿರುವವರು ಯಾರು?

ಈ ಪ್ರಶ್ನೆ ನನ್ನ ಮನಸ್ಸಿನಲ್ಲಿ ಮೊದಲು ಮೂಡಿದುದು ಪ್ರೌಢಶಾಲೆಯ ದಿನಗಳಲ್ಲಿ. ಅಂದು ಆಟದ ಬಯಲಿನಲ್ಲಿ ಕಬಡ್ಡಿ ಪಂದ್ಯ ನಡೆಯುತ್ತಿತ್ತು. ಎದುರು ಪಕ್ಷದೊಳಕ್ಕೆ ನುಗ್ಗಿ ಹಿಂದಿರುಗುತ್ತಿದ್ದ ನನ್ನ ಸಹಪಾಠಿಯೊಬ್ಬನ ಬಲಗೈಯನ್ನು ಎದುರಾಳಿಯೊಬ್ಬ ಹಿಡಿದುಕೊಂಡ. ಮೈ ಗೆರೆಯ ಕಡೆಗೆ ಮುಂದಕ್ಕೆ, ಚಾಚಿದ ತೋಳು ಹಿಂದಕ್ಕೆ! ಹುಡುಗ ಚೀರಿ ಕುಸಿದ. ಅವನ ಹೆಗಲಿನ ದುಂಡು ಮಾಯವಾಗಿ ಆ ಸ್ಥಳ ಚೌಕಾಕಾರವಾಗಿ ಕಾಣುತ್ತಿತ್ತು. ನೆರೆದವರಲ್ಲಿ ಒಬ್ಬರು, ಇದು ತಮಗೆ ತಿಳಿದ ವಿದ್ಯೆಯೆಂದು ಹೇಳಿ, ತೋಳನ್ನು ಹಿಡಿದು ಬಲವಾಗಿ ಎಳೆದರು. ಕೀಲು ಸದ್ದು ಮಾಡಿ ಸೇರಿತು. ಎಲ್ಲರೂ ನೆಮ್ಮದಿಯ ಉಸಿರುಬಿಟ್ಟರು. ಆದರೆ ಮುಂದೆ ಹಲವು ತಿಂಗಳುಗಳ ಕಾಲ ಆ ಹುಡುಗನಿಗೆ ತೋಳನ್ನು ಪಕ್ಕಕ್ಕೆ ಹೆಗಲಿನ ಎತ್ತರದವರೆಗೂ ಎತ್ತಲಾಗಲಿಲ್ಲ. ಎಲುಬು ಸ್ವಸ್ಥಾನವನ್ನು ಸೇರಿದ ಮೇಲೂ ಕೈ ಏಕೆ ಏಳಲಿಲ್ಲ? ಇದಕ್ಕೆ ಉತ್ತರ ಬೇಕಾದರೆ ಹೆಗಲಿನ ರಚನೆಯನ್ನು ಮೊದಲಿನಿಂದ ತಿಳಿಯಬೇಕು.

ಎಲುಬುಗಳ ಚೌಕಟ್ಟು

ಹೆಗಲಿನಲ್ಲಿ ಮೂರು ಎಲುಬುಗಳು ಕೂಡುತ್ತವೆ. ಮೊದಲನೆಯದು ತೋಳೆಲುಬು. ಅದರ ಮೇಲ್ತುದಿ ಗುಂಡಾಗಿದೆ. ಇದೇ ನಮ್ಮ ನಿಂಬೆಹಣ್ಣು. ಎರಡನೆಯದು ಬೆನ್ನಿನ ಮೇಲ್ಭಾಗದಲ್ಲಿ ರೆಕ್ಕೆಯಂತೆ ಕಾಣುವ, ತ್ರಿಕೋನಾಕಾರದ ತೆಳುವಾದ ಹೆಗಲೆಲುಬು. ಇದರ ಹೊರಮೂಲೆಯಲ್ಲಿ ಆಳವಿಲ್ಲದ ಒಂದು ಗುಳಿಯಿದೆ; ಇದೇ ಚಮಚ. ಹೆಗಲೆಲುಬಿನ ಬೆನ್ನಿನ ಮೇಲೆ ಅಡ್ಡಲಾಗಿ ಒಂದು ಏಣು ಹಾದುಹೋಗಿ, ಕೀಲಿನ ಮೇಲೆ ಚಾವಣಿಯಂತೆ ಚಾಚಿಕೊಂಡಿದೆ. ಈ ಚಾವಣಿಗೆ ಅಕ್ರೋಮಿಯನ್ ಎಂದು ಹೆಸರು. ಹೆಗಲಿನ ತುದಿಯನ್ನು ಒತ್ತಿದಾಗ ಬೆರಳಿಗೆ ಗಟ್ಟಿಯಾಗಿ ತಾಗುವುದು ಇದೇ. ಮೂರನೆಯದು, ಎದೆಯ ಮೇಲ್ತುದಿಯಿಂದ ಈ ಚಾವಣಿಯವರೆಗೆ ಅಡ್ಡಲಾಗಿರುವ ಕೊರಳೆಲುಬು.

ತೊಡೆಯ ಕೀಲಿನ ಗುಳಿ ಆಳವಾದ ಬಟ್ಟಲಿನಂತಿದೆ. ತೊಡೆಯೆಲುಬಿನ ಗುಂಡು ಅದರಲ್ಲಿ ಹುದುಗಿ ಕುಳಿತಿರುತ್ತದೆ. ಅಲ್ಲಿ ಭದ್ರತೆ ಹೆಚ್ಚು, ಚಲನೆ ಕಡಿಮೆ. ಹೆಗಲಿನಲ್ಲಾದರೋ ಗುಂಡಿನ ಸುಮಾರು ಮೂರನೆಯ ಒಂದು ಭಾಗ ಮಾತ್ರ ಒಮ್ಮೆಗೆ ಗುಳಿಯನ್ನು ಮುಟ್ಟಿರುತ್ತದೆ. ಗುಳಿಯ ಅಂಚಿಗೆ ಸುತ್ತಲೂ ನಾರಿನ ದಂಡೆಯೊಂದು ಕಟ್ಟಿಕೊಂಡು ಅದನ್ನು ಸ್ವಲ್ಪ ಆಳ ಮಾಡಿದೆ. ಕೀಲನ್ನು ಸುತ್ತುವರಿದ ಚೀಲವೂ ಸಡಿಲವಾದುದೇ. ಇಡೀ ತೋಳಿಗೂ ಮುಂಡಕ್ಕೂ ನಡುವೆ ಎಲುಬಿಗೆ ಎಲುಬು ತಾಗುವ ಸ್ಥಳ ಒಂದೇ ಒಂದು. ಕೊರಳೆಲುಬಿನ ಒಳತುದಿಯು ಎದೆಯೆಲುಬನ್ನು ಕೂಡುವ ಸಣ್ಣ ಕೀಲು. ಉಳಿದಂತೆ ಹೆಗಲೆಲುಬು ಪಕ್ಕೆಲುಬುಗಳ ಮೇಲೆ ಸ್ನಾಯುಗಳ ಹಾಸಿಗೆಯಲ್ಲಿ ತೇಲುತ್ತಿದೆಯೆಂದೇ ಹೇಳಬಹುದು. ಎಲುಬು ಕೊಡದ ಭದ್ರತೆಯನ್ನು ಇಲ್ಲಿ ಸ್ನಾಯುಗಳೇ ಕೊಡಬೇಕು.

ಮೇಲೆ ಕಾಣುವ ಸ್ನಾಯು

ಹೆಗಲಿಗೆ ದುಂಡನೆಯ ಆಕಾರವನ್ನು ಕೊಡುವುದು ಡೆಲ್ಟಾಯ್ಡ್ ಎಂಬ ಸ್ನಾಯು. ಗ್ರೀಕ್ ವರ್ಣಮಾಲೆಯ ಡೆಲ್ಟಾ ಅಕ್ಷರ ತ್ರಿಕೋನಾಕಾರದ್ದು. ಈ ಸ್ನಾಯುವೂ ತಲೆಕೆಳಗಾದ ತ್ರಿಕೋನದಂತಿರುವುದರಿಂದ ಆ ಹೆಸರು ಬಂದಿದೆ. ಕೊರಳೆಲುಬಿನ ಹೊರಭಾಗ, ಅಕ್ರೋಮಿಯನ್, ಹೆಗಲೆಲುಬಿನ ಏಣು, ಈ ಮೂರು ಕಡೆಗಳಿಂದ ಹೊರಟ ಎಳೆಗಳು ತೋಳೆಲುಬಿನ ನಡುಭಾಗದ ಹೊರಬದಿಯಲ್ಲಿ ಒಂದುಗೂಡುತ್ತವೆ. ಮುಂಭಾಗದ ಎಳೆಗಳು ತೋಳನ್ನು ಮುಂದಕ್ಕೂ, ಹಿಂಭಾಗದವು ಹಿಂದಕ್ಕೂ, ನಡುವಿನವು ಪಕ್ಕಕ್ಕೂ ಎತ್ತುತ್ತವೆ. 2021ರ ಜನವರಿ 16ರಿಂದ ನಮ್ಮ ದೇಶದಲ್ಲಿ ಕೋವಿಡ್ ಲಸಿಕೆ ಹಾಕಲಾರಂಭಿಸಿದಾಗ, ಕೋಟ್ಯಂತರ ಜನರ ತೋಳಿನಲ್ಲಿ ಸೂಜಿ ಹೊಕ್ಕುದು ಈ ಸ್ನಾಯುವಿನೊಳಕ್ಕೇ.

ಈ ಸ್ನಾಯುವಿನ ಮೇಲೆ ಬೀಳುವ ಭಾರವೆಷ್ಟು? ಸನ್ನೆಕೋಲಿನ ಪಾಠವನ್ನು ಓದಿದವರಿಗೆ ಇದರ ಲೆಕ್ಕ ಕಷ್ಟವಲ್ಲ. 50 ಕಿಲೋಗ್ರಾಂ ತೂಕದ ವಿದ್ಯಾರ್ಥಿಯ ಒಂದು ತೋಳು ಸುಮಾರು 2.5 ಕಿಲೋಗ್ರಾಂ ತೂಗುತ್ತದೆ. ಅದನ್ನು ಪಕ್ಕಕ್ಕೆ ನೆಲಕ್ಕೆ ಸಮನಾಗಿ ಚಾಚಿದಾಗ ಅದರ ಗುರುತ್ವಕೇಂದ್ರವು ಕೀಲಿನಿಂದ ಸುಮಾರು 30 ಸೆಂಟಿಮೀಟರ್ ದೂರದಲ್ಲಿರುತ್ತದೆ. ಎತ್ತುವ ಸ್ನಾಯುವಿನ ಎಳೆತಕ್ಕಾದರೋ ಕೀಲಿನಿಂದ ಸಿಕ್ಕುವ ಅಂತರ ಸುಮಾರು 3 ಸೆಂಟಿಮೀಟರ್ ಮಾತ್ರ. ಭಾರದ ಅಂತರ ಹತ್ತರಷ್ಟು. ಆದುದರಿಂದ ಸ್ನಾಯುವಿನ ಎಳೆತವೂ ಹತ್ತರಷ್ಟು, ಅಂದರೆ 25 ಕಿಲೋಗ್ರಾಮಿಗೆ ಸಮನಾಗಿರಬೇಕು. ಕೈಯಲ್ಲಿ 1 ಕಿಲೋಗ್ರಾಂ ತೂಕದ ಪುಸ್ತಕವನ್ನು ಹಿಡಿದರೆ, ಅದು ಕೀಲಿನಿಂದ 60 ಸೆಂಟಿಮೀಟರ್ ದೂರವಿರುವುದರಿಂದ, ಇನ್ನೂ 20 ಕಿಲೋಗ್ರಾಂ ಸೇರುತ್ತದೆ! ಪುಸ್ತಕ ಹಿಡಿದು ಕೈ ಚಾಚಿ ನಿಂತವನ ಹೆಗಲು ಎರಡೇ ನಿಮಿಷಗಳಲ್ಲಿ ಉರಿಯತೊಡಗುವುದೇಕೆಂಬುದು ಈಗ ತಿಳಿಯಿತಲ್ಲವೇ?

ಮರೆಯಲ್ಲಿ ದುಡಿಯುವ ನಾಲ್ವರು

ಇಲ್ಲೊಂದು ತೊಡಕಿದೆ. ತೋಳು ಜೋತುಬಿದ್ದಿರುವಾಗ ಡೆಲ್ಟಾಯ್ಡಿನ ಎಳೆಗಳು ಹೆಚ್ಚು ಕಡಿಮೆ ನೆಟ್ಟಗೆ ಮೇಲಿನಿಂದ ಕೆಳಕ್ಕೆ ಹರಿಯುತ್ತವೆ. ಆ ಸ್ಥಿತಿಯಲ್ಲಿ ಅದೊಂದೇ ಎಳೆದರೆ ತೋಳು ಪಕ್ಕಕ್ಕೆ ತಿರುಗುವುದಕ್ಕಿಂತ ಹೆಚ್ಚಾಗಿ, ಎಲುಬಿನ ಗುಂಡು ಮೇಲಕ್ಕೆ ಜಾರಿ ಚಾವಣಿಗೆ ಬಡಿಯಬೇಕು. ಏಣಿಯನ್ನು ನಿಲ್ಲಿಸುವಾಗ ಒಬ್ಬನು ತುದಿಯನ್ನು ಎತ್ತುತ್ತಿದ್ದರೆ ಇನ್ನೊಬ್ಬನು ಬುಡವನ್ನು ಕಾಲಿನಿಂದ ಒತ್ತಿ ಹಿಡಿಯುವುದಿಲ್ಲವೇ? ಹೆಗಲಿನಲ್ಲಿಯೂ ಬುಡ ಹಿಡಿಯುವವರಿದ್ದಾರೆ. ಅವರು ನಾಲ್ವರು.

ಏಣಿನ ಮೇಲ್ಗಡೆಯಿಂದ ಹೊರಟು, ಚಾವಣಿಯ ಕೆಳಗೆ ನುಸುಳಿ, ಗುಂಡಿನ ನೆತ್ತಿಯನ್ನು ಹಿಡಿಯುವುದು ಸುಪ್ರಾಸ್ಪೈನೇಟಸ್. ಏಣಿನ ಕೆಳಗಿನಿಂದ ಹೊರಟು ಹಿಂಬದಿಯಲ್ಲಿ ಹಿಡಿಯುವುವು ಇನ್‌ಫ್ರಾಸ್ಪೈನೇಟಸ್ ಮತ್ತು ಟೆರಿಸ್ ಮೈನರ್. ಇವು ತೋಳನ್ನು ಹೊರಮುಖವಾಗಿ ತಿರುಗಿಸುತ್ತವೆ. ಹೆಗಲೆಲುಬಿನ ಒಳಮೈಯಿಂದ, ಅಂದರೆ ಪಕ್ಕೆಲುಬುಗಳ ಕಡೆಯಿಂದ ಹೊರಟು ಮುಂಬದಿಯಲ್ಲಿ ಹಿಡಿಯುವುದು ಸಬ್‌ಸ್ಕ್ಯಾಪ್ಯುಲಾರಿಸ್. ನಾಲ್ವರಲ್ಲಿ ಇದೇ ದೊಡ್ಡದು. ತೋಳನ್ನು ಒಳಮುಖವಾಗಿ ತಿರುಗಿಸುವುದು ಇದರ ಕೆಲಸ. ಈ ನಾಲ್ಕರ ಸ್ನಾಯುರಜ್ಜುಗಳೂ ಕೀಲಿನ ಚೀಲದೊಡನೆ ಬೆಸೆದುಕೊಂಡು ಗುಂಡಿನ ಮೇಲೆ ತೋಳಪಟ್ಟಿಯಂತೆ ಹರಡಿವೆ. ಇವುಗಳ ಮುಖ್ಯ ಧರ್ಮ, ಗುಂಡನ್ನು ಗುಳಿಯ ನಡುವಿಗೆ ಒತ್ತಿ ಹಿಡಿಯುವುದು. ಡೆಲ್ಟಾಯ್ಡ್ ಮೇಲಕ್ಕೆ ಎಳೆಯುವಾಗ ಇವು ಒಳಕ್ಕೂ ಕೆಳಕ್ಕೂ ಎಳೆಯುತ್ತವೆ. ಎರಡೂ ಸೇರಿದಾಗ ಗುಂಡು ಜಾರದೆ ಇದ್ದಲ್ಲಿಯೇ ಉರುಳುತ್ತದೆ, ತೋಳು ಏಳುತ್ತದೆ.

ಇವುಗಳ ಕೆಲಸವನ್ನು ತಿಳಿಯಲು ಒಂದು ಸುಲಭ ಪ್ರಯೋಗವನ್ನು ಮಾಡಿ ನೋಡಿರಿ. ಅಂಗೈಯನ್ನು ಹಿಂದಕ್ಕೆ ಮಾಡಿ, ಅಂದರೆ ತೋಳನ್ನು ಒಳಮುಖವಾಗಿ ತಿರುಗಿಸಿ, ಹಾಗೆಯೇ ಪಕ್ಕಕ್ಕೆ ಎತ್ತಿರಿ. ಹೆಗಲಿನ ಎತ್ತರಕ್ಕೆ ಬರುವಷ್ಟರಲ್ಲಿ ತೋಳು ಬಿಗಿದು ನಿಲ್ಲುತ್ತದೆ. ಈಗ ಅಂಗೈಯನ್ನು ಆಕಾಶದ ಕಡೆಗೆ ತಿರುಗಿಸಿ ಎತ್ತಿದರೆ ತೋಳು ಸಲೀಸಾಗಿ ಕಿವಿಯ ಬಳಿಗೆ ಬರುತ್ತದೆ. ತೋಳೆಲುಬಿನ ತಲೆಯ ಪಕ್ಕದಲ್ಲಿರುವ ಉಬ್ಬೊಂದು ಮೊದಲ ಸಲ ಚಾವಣಿಗೆ ಅಡ್ಡವಾಗುತ್ತದೆ. ಎರಡನೆಯ ಸಲ ಹಿಂಬದಿಯ ಸ್ನಾಯುಗಳು ಅದನ್ನು ಹಿಂದಕ್ಕೆ ತಿರುಗಿಸಿ ದಾರಿ ಮಾಡಿಕೊಡುತ್ತವೆ.

ಕೊಡದ ಭಾರವನ್ನು ಹೊತ್ತವರು ಯಾರು?

ನೀರು ತುಂಬಿದ ಕೊಡವನ್ನು ಕೈಯಲ್ಲಿ ಜೋತುಬಿಟ್ಟುಕೊಂಡು ನಡೆಯುವಾಗ ತೋಳು ಕೀಲಿನಿಂದ ಕಳಚಿ ಕೆಳಕ್ಕೆ ಜಾರದಂತೆ ತಡೆಯುವ ಸ್ನಾಯು ಯಾವುದು? ಮೇಲಿನಿಂದ ಕೆಳಕ್ಕೆ ಹಗ್ಗದಂತೆ ಹರಿದಿರುವ ಡೆಲ್ಟಾಯ್ಡ್ ಎಂದು ಯಾರಿಗಾದರೂ ತೋರುವುದು ಸಹಜ. ಸ್ನಾಯು ಕೆಲಸಮಾಡುವಾಗ ಅದರಲ್ಲಿ ಸೂಕ್ಷ್ಮ ವಿದ್ಯುತ್ ಅಲೆಗಳು ಏಳುತ್ತವೆ. ಅವನ್ನು ಅಳೆದರೆ ದುಡಿಯುತ್ತಿರುವವರು ಯಾರು, ಸುಮ್ಮನಿರುವವರು ಯಾರು ಎಂಬುದು ತಿಳಿಯುತ್ತದೆ. ಜಾನ್ ಬಸ್ಮಾಜಿಯನ್ ಎಂಬ ಕೆನಡಾದ ಅಂಗರಚನಾ ವಿಜ್ಞಾನಿ ಮತ್ತು ಅವರ ಸಹೋದ್ಯೋಗಿ 1959ರಲ್ಲಿ ಪ್ರಕಟಿಸಿದ ಇಂತಹ ಪರೀಕ್ಷೆಯ ಫಲ ಅನಿರೀಕ್ಷಿತವಾಗಿತ್ತು. ಜೋತುಬಿದ್ದ ಕೈಯಲ್ಲಿ ಭಾರವಿದ್ದಾಗಲೂ ಡೆಲ್ಟಾಯ್ಡ್ ಮೌನವಾಗಿತ್ತು. ದುಡಿಯುತ್ತಿದ್ದುದು, ಅಡ್ಡಲಾಗಿ ಹರಿದಿರುವ ಸಣ್ಣ ಸುಪ್ರಾಸ್ಪೈನೇಟಸ್!

ಅಡ್ಡ ಎಳೆಯುವ ಸ್ನಾಯು ಕೆಳಕ್ಕೆ ಜಾರುವುದನ್ನು ಹೇಗೆ ತಡೆದೀತು? ಹೆಗಲೆಲುಬಿನ ಗುಳಿ ಸ್ವಲ್ಪ ಮೇಲ್ಮುಖವಾಗಿ ಓರೆಯಾಗಿದೆ. ಗುಂಡು ಕೆಳಕ್ಕೆ ಜಾರಬೇಕಾದರೆ ಆ ಓರೆಯ ಉದ್ದಕ್ಕೂ ಹೊರಕ್ಕೆ ಸರಿಯಲೇಬೇಕು. ಚೀಲದ ಮೇಲ್ಭಾಗವೂ ಸುಪ್ರಾಸ್ಪೈನೇಟಸ್ಸೂ ಅದನ್ನು ಹೊರಕ್ಕೆ ಸರಿಯಗೊಡದಿದ್ದರೆ ಸಾಕು. ಕೆಳಕ್ಕೆ ಜಾರುವ ದಾರಿ ತಾನಾಗಿಯೇ ಮುಚ್ಚುತ್ತದೆ. ಪಾರ್ಶ್ವವಾಯು ಬಡಿದವರಲ್ಲಿ ಈ ಸ್ನಾಯುಗಳು ಸೋತಾಗ ತೋಳು ತನ್ನ ಭಾರದಿಂದಲೇ ಕೆಳಕ್ಕೆ ಜಾರುವುದುಂಟು. ಅಂತಹ ರೋಗಿಗಳನ್ನು ಏಳಿಸುವಾಗ ಸೋತ ಕೈಯನ್ನು ಹಿಡಿದು ಎಳೆಯಬಾರದೆಂದು ವೈದ್ಯರು ಹೇಳುವುದು ಇದಕ್ಕಾಗಿಯೇ.

ತೇಲುವ ಎಲುಬಿನ ಪಯಣ

ತೋಳು ಪಕ್ಕದಿಂದ ಎದ್ದು ಕಿವಿಯನ್ನು ಮುಟ್ಟಲು ಸುಮಾರು 180 ಡಿಗ್ರಿ ತಿರುಗಬೇಕು. ಇದಿಷ್ಟೂ ಗುಂಡು-ಗುಳಿಯ ಕೀಲಿನಲ್ಲಿಯೇ ನಡೆಯುವುದೆಂದು ತಿಳಿದರೆ ತಪ್ಪಾದೀತು. ಗೆಳೆಯನೊಬ್ಬನ ಬೆನ್ನ ಹಿಂದೆ ನಿಂತು, ಅವನ ಹೆಗಲೆಲುಬಿನ ಕೆಳತುದಿಯ ಮೇಲೆ ಹೆಬ್ಬೆರಳನ್ನಿಟ್ಟು, ತೋಳನ್ನು ಮೇಲೆತ್ತಲು ಹೇಳಿರಿ. ಆ ತುದಿ ನಿಮ್ಮ ಬೆರಳಿನಿಂದ ಜಾರಿ ಕಂಕುಳಿನ ಕಡೆಗೆ ಸಾಗುವುದು ತಿಳಿಯುತ್ತದೆ. ಅಮೆರಿಕದ ಇನ್‌ಮನ್, ಸಾಂಡರ್ಸ್ ಮತ್ತು ಆ್ಯಬಟ್ ಎಂಬವರು 1944ರಲ್ಲಿ ಈ ಚಲನೆಯನ್ನು ಅಳೆದು ತೋರಿಸಿದರು. ಸ್ಥೂಲವಾಗಿ, ಗುಂಡು 2 ಡಿಗ್ರಿ ತಿರುಗಿದಾಗ ಹೆಗಲೆಲುಬು 1 ಡಿಗ್ರಿ ತಿರುಗುತ್ತದೆ. ಒಟ್ಟು 180ರಲ್ಲಿ 120 ಕೀಲಿನದು, 60 ಹೆಗಲೆಲುಬಿನದು. ವ್ಯಕ್ತಿಯಿಂದ ವ್ಯಕ್ತಿಗೆ ಈ ಪ್ರಮಾಣ ಸ್ವಲ್ಪ ಬದಲಾಗುವುದೆಂದು ಮುಂದಿನ ಸಂಶೋಧನೆಗಳಿಂದ ತಿಳಿದಿದ್ದರೂ ತತ್ತ್ವವು ಹಾಗೆಯೇ ಉಳಿದಿದೆ. ಚಮಚವೂ ಹಣ್ಣಿನ ಜೊತೆಜೊತೆಗೇ ತಿರುಗಿ, ಅದರ ಕೆಳಗೆ ಆಸರೆಯಾಗಿ ಬಂದು ನಿಲ್ಲುತ್ತದೆ!

ಹೆಗಲೆಲುಬನ್ನು ತಿರುಗಿಸುವ ಕೆಲಸದಲ್ಲಿ ಎರಡು ಸ್ನಾಯುಗಳು ಪ್ರಮುಖವಾದುವು. ತಲೆಬುರುಡೆಯ ಹಿಂಭಾಗದಿಂದ ಬೆನ್ನಿನ ನಡುವಿನವರೆಗೆ ಹರಡಿರುವ ಟ್ರಪೀಜಿಯಸ್ ಒಂದು. ಮೇಲಿನ ಎಂಟು ಒಂಬತ್ತು ಪಕ್ಕೆಲುಬುಗಳಿಂದ ಗರಗಸದ ಹಲ್ಲುಗಳಂತೆ ಹೊರಟು, ಹೆಗಲೆಲುಬಿನ ಒಳ ಅಂಚನ್ನು ಹಿಡಿಯುವ ಸೆರೇಟಸ್ ಆ್ಯಂಟೀರಿಯರ್ ಇನ್ನೊಂದು. ಗೋಡೆಯನ್ನು ಎರಡೂ ಕೈಗಳಿಂದ ನೂಕುವಾಗ ಹೆಗಲೆಲುಬನ್ನು ಎದೆಗೂಡಿಗೆ ಅಪ್ಪಿಸಿ ಹಿಡಿಯುವುದು ಈ ಎರಡನೆಯದು. ಇದರ ನರಕ್ಕೆ ಪೆಟ್ಟಾದರೆ ಹೆಗಲೆಲುಬಿನ ಅಂಚು ಹಕ್ಕಿಯ ರೆಕ್ಕೆಯಂತೆ ಬೆನ್ನಿನಿಂದ ಹೊರಕ್ಕೆ ಎದ್ದು ನಿಲ್ಲುತ್ತದೆ. ಆ ತೋಳು ತಲೆಯ ಮೇಲಕ್ಕೆ ಏಳಲು ಬಹಳ ಕಷ್ಟಪಡುತ್ತದೆ.

ಹೆಗಲೆಲುಬನ್ನು ಬೆನ್ನೆಲುಬಿನ ಕಡೆಗೆ ಎಳೆಯುವ ರಾಂಬಾಯ್ಡ್ ಎಂಬ ಸ್ನಾಯುವನ್ನು ನಾವು ಬೇರೊಂದು ರೂಪದಲ್ಲಿ ದಿನವೂ ನೋಡಿದ್ದೇವೆ. ಹಳ್ಳಿಕಾರ್, ಅಮೃತಮಹಲ್ ತಳಿಯ ಎತ್ತುಗಳ ಹೆಗಲ ಮೇಲೆ ಗಂಭೀರವಾಗಿ ಎದ್ದು ನಿಂತಿರುವ ಇಣಿಯು ಮುಖ್ಯವಾಗಿ ಇದೇ ಸ್ನಾಯುವಿನ ಬೆಳವಣಿಗೆ. ಎತ್ತಿಗೂ ಕುದುರೆಗೂ ಕೊರಳೆಲುಬಿಲ್ಲ. ಅವುಗಳ ಮುಂಗಾಲುಗಳು ಎಲುಬಿನ ಸಂಬಂಧವೇ ಇಲ್ಲದೆ ಸ್ನಾಯುಗಳಿಂದಲೇ ಮುಂಡಕ್ಕೆ ಸೇರಿವೆ. ಮುಂಡವು ಎರಡು ಹೆಗಲೆಲುಬುಗಳ ನಡುವೆ ತೊಟ್ಟಿಲಿನಂತೆ ತೂಗುತ್ತದೆ. ಮುಂದಕ್ಕೆ ಹಿಂದಕ್ಕೆ ಮಾತ್ರ ಬೀಸುವ ಕಾಲಿಗೆ ಅಷ್ಟೇ ಸಾಕು. ಕೈಯನ್ನು ಪಕ್ಕಕ್ಕೂ ತಲೆಯ ಮೇಲಕ್ಕೂ ಚಾಚಿ ಕೊಂಬೆಯಿಂದ ಕೊಂಬೆಗೆ ಸಾಗುವ ಜೀವಿಗಳಿಗೆ, ಹೆಗಲನ್ನು ಎದೆಯಿಂದ ದೂರಕ್ಕೆ ಒತ್ತಿ ಹಿಡಿಯುವ ಕೊರಳೆಲುಬು ಬೇಕೇ ಬೇಕು. ಆ ಸೊತ್ತು ಪೂರ್ವಜರಿಂದ ನಮಗೂ ಬಂದಿದೆ.

ಎಸೆತದ ರಹಸ್ಯ

ಚಿಂಪಾಂಜಿಯ ತೋಳಿನ ಬಲ ನಮ್ಮದಕ್ಕಿಂತ ಕಡಿಮೆಯದಲ್ಲ. ಆದರೂ ಅದು ಕಲ್ಲನ್ನು ಶಾಲಾಬಾಲಕನಷ್ಟು ವೇಗವಾಗಿ, ಗುರಿಯಿಟ್ಟು ಎಸೆಯಲಾರದು. 2013ರಲ್ಲಿ ನೇಚರ್ ಪತ್ರಿಕೆಯಲ್ಲಿ ನೀಲ್ ರೋಚ್ ಮತ್ತು ಸಂಗಡಿಗರು ಪ್ರಕಟಿಸಿದ ಸಂಶೋಧನೆ ಇದಕ್ಕೆ ಕಾರಣವನ್ನು ಸೂಚಿಸಿತು. ಎಸೆಯುವ ಮುನ್ನ ನಾವು ತೋಳನ್ನು ಹಿಂದಕ್ಕೆ ತಿರುಗಿಸಿ ಹೂಡುತ್ತೇವೆ. ಆಗ ಹೆಗಲಿನ ಸ್ನಾಯುರಜ್ಜುಗಳೂ ಅಸ್ಥಿಬಂಧಗಳೂ ಕವಣೆಯ ರಬ್ಬರಿನಂತೆ ಜಗ್ಗಿ ಶಕ್ತಿಯನ್ನು ತುಂಬಿಕೊಳ್ಳುತ್ತವೆ. ಬಿಟ್ಟೊಡನೆ ತೋಳೆಲುಬು ಸೆಕೆಂಡಿಗೆ ಹಲವು ಸಾವಿರ ಡಿಗ್ರಿಗಳ ವೇಗದಲ್ಲಿ ಒಳಮುಖವಾಗಿ ತಿರುಗುತ್ತದೆ. ಮಾನವ ದೇಹದ ಅತ್ಯಂತ ವೇಗದ ಚಲನೆ ಇದೇ. ಇದಕ್ಕೆ ಬೇಕಾದ ರಚನೆಗಳೆಲ್ಲ ಸುಮಾರು 20 ಲಕ್ಷ ವರ್ಷಗಳ ಹಿಂದೆ ಹೋಮೋ ಇರೆಕ್ಟಸ್ ಮಾನವನಲ್ಲಿ ಒಂದುಗೂಡಿದುವೆಂದೂ, ಬೇಟೆಯಲ್ಲಿ ಅದು ನೆರವಾಗಿರಬೇಕೆಂದೂ ಅವರ ಅಭಿಪ್ರಾಯ. ಬೇಟೆಗಾರನು ದಿನಕ್ಕೆ ಕೆಲವು ಸಲ ಎಸೆದಿರಬಹುದು. ಇಂದಿನ ಆಟಗಾರ ಅಭ್ಯಾಸದಲ್ಲಿಯೇ ನೂರಾರು ಸಲ ಎಸೆಯುತ್ತಾನೆ. ಎಸೆದ ಬಳಿಕ ಧಾವಿಸುವ ತೋಳಿಗೆ ಕಡಿವಾಣ ಹಾಕುವವರು ಹಿಂಬದಿಯ ಸಣ್ಣ ಸ್ನಾಯುಗಳು. ದಣಿಯುವವರೂ ಹರಿಯುವವರೂ ಅವರೇ.

ಕೀಲು ತಪ್ಪಿದಾಗ

ದೇಹದ ದೊಡ್ಡ ಕೀಲುಗಳಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ತಪ್ಪುವುದು ಹೆಗಲಿನದು. ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸಲ ಗುಂಡು ಮುಂದಕ್ಕೇ ಜಾರುತ್ತದೆ. ಇದು ಬಹು ಹಳೆಯ ಸಂಕಟ. ಕಂಕುಳಿನಲ್ಲಿ ಹಿಮ್ಮಡಿಯನ್ನೊತ್ತಿ ತೋಳನ್ನು ಎಳೆಯುವ ಕ್ರಮವು ಗ್ರೀಸಿನ ಹಿಪ್ಪೊಕ್ರೇಟೀಸನ ಹೆಸರಿನಲ್ಲಿ ಪ್ರಸಿದ್ಧವಾಗಿದೆ. ಕಂಕುಳನ್ನು ಒನಕೆಯಿಂದ ಮೇಲಕ್ಕೆತ್ತಿ, ಕೀಲು ಕೂಡಿದ ಮೇಲೆ ಸ್ವಸ್ತಿಕಾಕಾರದ ಕಟ್ಟು ಕಟ್ಟಬೇಕೆಂದು ಸುಶ್ರುತಸಂಹಿತೆ ಹೇಳುತ್ತದೆ.

ಈಗ ನನ್ನ ಸಹಪಾಠಿಯ ಕಡೆಗೆ ಹಿಂದಿರುಗೋಣ. ಡೆಲ್ಟಾಯ್ಡಿಗೆ ಆಜ್ಞೆಯನ್ನು ಒಯ್ಯುವ ಕಂಕುಳಿನ ನರವು ತೋಳೆಲುಬಿನ ಗುಂಡಿನ ಕೆಳಗೆ, ಅದರ ಕತ್ತನ್ನು ಸುತ್ತುಹಾಕಿ ಹೋಗುತ್ತದೆ. ಗುಂಡು ಜಾರಿದಾಗ ಈ ನರ ಜಗ್ಗುತ್ತದೆ. ಅದು ಜಗ್ಗಿದೆಯೇ ಎಂದು ತಿಳಿಯಲು ವೈದ್ಯರು ಕೀಲನ್ನು ಕೂಡಿಸುವ ಮೊದಲೇ ಹೆಗಲಿನ ಹೊರಮೈಯ ಚರ್ಮವನ್ನು ಮುಟ್ಟಿ ಸ್ಪರ್ಶಜ್ಞಾನವನ್ನು ಪರೀಕ್ಷಿಸುತ್ತಾರೆ. ಮಣಿಕಟ್ಟಿನಲ್ಲಿ ನಾಡಿ ನೋಡುತ್ತಾರೆ. ಎಲುಬು ಮುರಿದಿದೆಯೇ ಎಂದು ಎಕ್ಸ್-ರೇ ತೆಗೆಯುತ್ತಾರೆ. ನೋವನ್ನೂ ಸ್ನಾಯುಗಳ ಬಿಗಿತವನ್ನೂ ಔಷಧದಿಂದ ಇಳಿಸಿ, ಮೆಲ್ಲಗೆ ಕೂಡಿಸುತ್ತಾರೆ. ಅಂದು ಆಟದ ಬಯಲಿನಲ್ಲಿ ಇದಾವುದೂ ನಡೆಯಲಿಲ್ಲ. ನರಕ್ಕೆ ಪೆಟ್ಟಾದುದು ಬಿದ್ದ ಗಳಿಗೆಯಲ್ಲಿಯೋ, ಎಳೆದ ಗಳಿಗೆಯಲ್ಲಿಯೋ ಎಂಬುದನ್ನು ಇನ್ನು ಯಾರೂ ಹೇಳಲಾರರು. ಹಾನಿಗೊಂಡ ನರತಂತುಗಳು ಮತ್ತೆ ಬೆಳೆಯುವುದು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ. ಹುಡುಗನ ಅದೃಷ್ಟ ಚೆನ್ನಾಗಿತ್ತು. ನರ ಚೇತರಿಸಿತು, ಬತ್ತಿದ್ದ ಹೆಗಲು ಮರಳಿ ದುಂಡಾಯಿತು. ಎಲ್ಲರಿಗೂ ಹೀಗಾಗುವುದಿಲ್ಲ.

ಆದುದರಿಂದ ಆಟದ ಬಯಲಿನಲ್ಲಿ ಯಾರದಾದರೂ ಹೆಗಲು ತಪ್ಪಿದರೆ ಎಳೆಯಬೇಡಿ, ಎಳೆಯಗೊಡಬೇಡಿ. ತೋಳು ಇದ್ದ ಸ್ಥಿತಿಯಲ್ಲಿಯೇ ಅದಕ್ಕೆ ಮೆತ್ತನೆಯ ಆಸರೆ ಕೊಟ್ಟು, ಬಟ್ಟೆಯ ಜೋಲಿಯಲ್ಲಿ ನಿಲ್ಲಿಸಿ, ಬೇಗನೆ ಆಸ್ಪತ್ರೆಗೆ ಕರೆದೊಯ್ಯಿರಿ. ಎಳೆಯ ವಯಸ್ಸಿನಲ್ಲಿ ಒಮ್ಮೆ ತಪ್ಪಿದ ಹೆಗಲು ಮತ್ತೆ ತಪ್ಪುವ ಸಂಭವ ಹೆಚ್ಚು. ವೈದ್ಯರು ಹೇಳಿದ ವ್ಯಾಯಾಮಗಳಿಂದ ಮರೆಯ ನಾಲ್ವರನ್ನು ಬಲಪಡಿಸಿಕೊಂಡ ಮೇಲೆಯೇ ಆಟಕ್ಕೆ ಇಳಿಯಬೇಕು.

ವಯಸ್ಸಾದವರ ಹೆಗಲಿನ ಕಷ್ಟ ಬೇರೆ ಬಗೆಯದು. ನಲವತ್ತರಿಂದ ಅರುವತ್ತರ ವಯಸ್ಸಿನಲ್ಲಿ, ಅದರಲ್ಲಿಯೂ ಸಿಹಿಮೂತ್ರ ರೋಗವಿರುವವರಲ್ಲಿ, ಕೀಲಿನ ಚೀಲ ಕುಗ್ಗಿ ಬಿಗಿದುಕೊಳ್ಳುವುದುಂಟು. ಬಾಸ್ಟನ್ನಿನ ವೈದ್ಯ ಕಾಡ್‌ಮನ್ 1934ರಲ್ಲಿ ಇದನ್ನು ಹೆಪ್ಪುಗಟ್ಟಿದ ಹೆಗಲು ಎಂದು ಕರೆದನು. ತಲೆ ಬಾಚಿಕೊಳ್ಳಲು, ರವಿಕೆ ತೊಡಲು ಕೈ ಏಳದೆಂದು ಮನೆಯ ಹಿರಿಯರು ಹೇಳಿದರೆ ಅದನ್ನು ಸೋಮಾರಿತನವೆಂದು ಬಗೆಯಬಾರದು. ಒಂದರಿಂದ ಮೂರು ವರ್ಷಗಳಲ್ಲಿ ಬಹುಮಟ್ಟಿಗೆ ಗುಣವಾಗುವ ಈ ತೊಂದರೆಗೆ ತಾಳ್ಮೆಯ ವ್ಯಾಯಾಮವೂ ಮನೆಯವರ ನೆರವೂ ಬೇಕು. ಮರೆಯ ನಾಲ್ವರ ರಜ್ಜುಗಳು ಪೂರ್ತಿಯಾಗಿ ಸವೆದು ಹರಿದವರಿಗಾಗಿ ಫ್ರಾನ್ಸಿನ ಪಾಲ್ ಗ್ರಾಮಾಂ 1985ರಲ್ಲಿ ಒಂದು ಜಾಣ್ಮೆಯ ಉಪಾಯವನ್ನು ಹೂಡಿದರು. ಅವರ ಕೃತಕ ಕೀಲಿನಲ್ಲಿ ಗುಂಡನ್ನು ಹೆಗಲೆಲುಬಿಗೂ, ಬಟ್ಟಲನ್ನು ತೋಳೆಲುಬಿಗೂ ಜೋಡಿಸಲಾಯಿತು! ಹೀಗೆ ಸ್ಥಾನಗಳನ್ನು ಅದಲುಬದಲು ಮಾಡಿದುದರಿಂದ ಡೆಲ್ಟಾಯ್ಡಿನ ಎಳೆತಕ್ಕೆ ಸಿಕ್ಕುವ ಅಂತರ ಹೆಚ್ಚಿ, ಅದೊಂದೇ ತೋಳನ್ನು ಎತ್ತಬಲ್ಲುದಾಯಿತು.

ಕಷ್ಟದಲ್ಲಿರುವವನಿಗೆ ನೆರವಾಗುವುದನ್ನು ಹೆಗಲು ಕೊಡುವುದು ಎನ್ನುತ್ತೇವೆ. ಆ ಹೆಗಲು ನಿಂತಿರುವುದು ಎಲುಬಿನ ಗಟ್ಟಿತನದಿಂದಲ್ಲ; ಒಬ್ಬರು ಎತ್ತುವಾಗ ಇನ್ನೊಬ್ಬರು ಬುಡ ಹಿಡಿಯುವ ಸ್ನಾಯುಗಳ ಹೊಂದಾಣಿಕೆಯಿಂದ. ನಾಳೆ ಚೀಲವನ್ನು ಹೆಗಲಿಗೇರಿಸಿ ಶಾಲೆಗೆ ಹೊರಡುವಾಗ, ಕನ್ನಡಿಯಲ್ಲಿ ಕಾಣದ ಆ ನಾಲ್ವರನ್ನೂ ಒಮ್ಮೆ ನೆನೆಯಿರಿ.